ಹಳೆಯ ಲ್ಯಾಪ್‌ಟಾಪ್ ಮಗಳ ಓದಿಗೆ ಒದಗೀತೇ?

ಪ್ರಶ್ನೆ: ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಎಂಟನೆಯ ತರಗತಿ ಓದುತ್ತಿದ್ದಾಳೆ. ನನ್ನ ತಮ್ಮ ಬಳಸಿ ಬಿಟ್ಟ ಲ್ಯಾಪ್‌ಟಾಪ್ ಒಂದು ಮನೆಯಲ್ಲಿದೆ. ಎರಡನೆಯ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 320 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿದರೆ ತೆರೆದುಕೊಳ್ಳಲು ಬಹಳ ಹೊತ್ತು ಬೇಕು. ರಿಪೇರಿಯವರು ಗುಜರಿಗೆ ಹಾಕಿ ಎನ್ನುತ್ತಾರೆ. ಏನು ಮಾಡಲಿ? ಕನ್ನಡ ಟೈಪ್ ಮಾಡಲು ಬರುವಂತಿರಬೇಕು.
– ಓದುಗರೊಬ್ಬರು, ಮುಳ್ಳೇರಿಯ

ಉತ್ತರ: ದಯವಿಟ್ಟು ಗುಜರಿಗೆ ಹಾಕಬೇಡಿ. ನಿಮ್ಮ ಲ್ಯಾಪ್‌ಟಾಪ್ ನಿಧಾನವಾಗಿರುವುದಕ್ಕೆ ಮುಖ್ಯ ಕಾರಣ ಪ್ರೊಸೆಸರ್ ಅಲ್ಲ, ಹಾರ್ಡ್ ಡಿಸ್ಕ್. ತಿರುಗುವ ತಟ್ಟೆಯ ಮೇಲೆ ಅಲ್ಲಲ್ಲಿ ಚದುರಿರುವ ಸಣ್ಣ ಸಣ್ಣ ಫೈಲುಗಳನ್ನು ಓದಲು ಅದರ ಮುಳ್ಳು ಪ್ರತಿ ಬಾರಿಯೂ ಸರಿದು ನಿಲ್ಲಬೇಕಾಗುತ್ತದೆ. ವಿಂಡೋಸ್ 10 ಹಿನ್ನೆಲೆಯಲ್ಲಿ ಇಂತಹ ಓದುವಿಕೆಯನ್ನು ಎಡೆಬಿಡದೆ ನಡೆಸುತ್ತಿರುತ್ತದೆ. ಆದುದರಿಂದ ಹಣ ಖರ್ಚು ಮಾಡುವುದಾದರೆ ಮೊದಲು 240 ಜಿಬಿಯ, 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ವೇಗದ ಡಿಸ್ಕ್) ಹಾಕಿಸಿ. ರ‍್ಯಾಮ್ ಹೆಚ್ಚಿಸುವುದು ಆಮೇಲಿನ ಮಾತು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11 ಇಂಟೆಲ್‌ನ ಎಂಟನೆಯ ತಲೆಮಾರಿನಿಂದ ಈಚಿನ ಪ್ರೊಸೆಸರುಗಳನ್ನೇ ಕೇಳುತ್ತದೆ. ಹೀಗಾಗಿ ನಿಮ್ಮ ಯಂತ್ರಕ್ಕೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಕಾರ್ಯಾಚರಣೆ ವ್ಯವಸ್ಥೆಯಾದ ಲಿನಕ್ಸ್ ಸರಿಯಾದ ದಾರಿ, ಮತ್ತು ಕಾಸರಗೋಡಿನ ಮಕ್ಕಳಿಗೆ ಅದು ಹೊಸದೇನಲ್ಲ. ಕೇರಳದ ಶಾಲೆಗಳ ಐಟಿ ಪಾಠ ನಡೆಯುವುದೇ ಉಬುಂಟು ಎಂಬ ಲಿನಕ್ಸ್ ಅನ್ನು ಆಧರಿಸಿದ ಕೈಟ್ ಗ್ನು/ಲಿನಕ್ಸ್‌ನಲ್ಲಿ. ಶಾಲೆಯ ಲ್ಯಾಬಿನಲ್ಲಿ ನಿಮ್ಮ ಮಗಳು ಕಲಿಯುವ ಲಿಬ್ರೆಆಫೀಸ್, ಜಿಯೋಜಿಬ್ರಾ, ಜಿಂಪ್, ಇಂಕ್‌ಸ್ಕೇಪ್ ತಂತ್ರಾಂಶಗಳು ಮನೆಯಲ್ಲಿಯೂ ಹಾಗೆಯೇ ಸಿಗುತ್ತವೆ ಎಂಬುದು ಸಣ್ಣ ಲಾಭವಲ್ಲ.

ಆದರೆ ಶಾಲೆಯ ವ್ಯವಸ್ಥೆಯನ್ನೇ ಮನೆಯ ಹಳೆಯ ಯಂತ್ರಕ್ಕೆ ಇಳಿಸಿಕೊಳ್ಳಬೇಕೆಂದಿಲ್ಲ. ನನ್ನ ಸಲಹೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ. ಅದಕ್ಕೆ 2 ಜಿಬಿ ರ‍್ಯಾಮ್ ಕನಿಷ್ಠ, 4 ಜಿಬಿ ಇದ್ದರೆ ನೆಮ್ಮದಿ. ಹಳೆಯ ಫೋಟೊಗಳನ್ನೂ ದಾಖಲೆಗಳನ್ನೂ ಬೇರೆಡೆಗೆ ನಕಲು ಮಾಡಿಟ್ಟ ಬಳಿಕ, 8 ಜಿಬಿ ಪೆನ್‌ಡ್ರೈವ್‌ಗೆ ಮಿಂಟ್‌ನ ಇನ್‌ಸ್ಟಾಲ್ ಕಡತವನ್ನು ಬರೆದು, ಯಂತ್ರವನ್ನು ಆ ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ. ಇನ್‌ಸ್ಟಾಲ್ ಮಾಡುವ ಮೊದಲೇ ವೈಫೈ, ಧ್ವನಿ, ಟಚ್‌ಪ್ಯಾಡ್ ಕೆಲಸ ಮಾಡುತ್ತವೆಯೇ ಎಂದು ನೋಡಿಕೊಳ್ಳಬಹುದು. ವೈಫೈ ಸಿಗದಿದ್ದರೆ ಗಾಬರಿ ಬೇಡ: ಬ್ರಾಡ್‌ಕಾಮ್ ಚಿಪ್ ಇರುವ ಯಂತ್ರಗಳಲ್ಲಿ ಹೀಗಾಗುವುದುಂಟು; ಮೊಬೈಲನ್ನು ಕೇಬಲ್ ಮೂಲಕ ಜೋಡಿಸಿ ಇಂಟರ್ನೆಟ್ ಪಡೆದು, ಮಿಂಟ್‌ನ ಡ್ರೈವರ್ ಮ್ಯಾನೇಜರ್‌ನಿಂದ ಬೇಕಾದುದನ್ನು ಹಾಕಿಕೊಳ್ಳಬಹುದು.

ಬ್ರೌಸರ್ ಮಾತ್ರ ಹಗುರವಾಗುವುದಿಲ್ಲ. ಯಾವ ಲಿನಕ್ಸ್ ಹಾಕಿದರೂ ಹತ್ತಾರು ಟ್ಯಾಬ್ ತೆರೆದರೆ 4 ಜಿಬಿ ತುಂಬಿಬಿಡುತ್ತದೆ. ಪಠ್ಯಪುಸ್ತಕದ ಪಿಡಿಎಫ್‌ಗಳನ್ನು ಇಳಿಸಿಟ್ಟುಕೊಂಡು ಓದುವ ಅಭ್ಯಾಸ ಮಾಡಿಸಿ.

ಕನ್ನಡಕ್ಕಾಗಿ ಕೀಬೋರ್ಡ್ ಸೆಟ್ಟಿಂಗಿನ ಲೇಔಟ್ ವಿಭಾಗದಲ್ಲಿ ಕನ್ನಡವನ್ನು ಸೇರಿಸಿದರೆ ಸಾಕು. ಅಲ್ಲಿ ಕೀಲಿಗಳ ಜೋಡಣೆಯಲ್ಲಿ ಬೇರೆಬೇರೆಯಾದ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಕಗಪ ವಿನ್ಯಾಸವೂ ಇವೆ. ಶಾಲೆಯಲ್ಲಿ ಯಾವುದನ್ನು ಕಲಿಸುತ್ತಾರೋ ಅದನ್ನೇ ಆರಿಸಿ, ಏಕೆಂದರೆ ಎರಡು ವಿನ್ಯಾಸಗಳ ನಡುವೆ ಮಗುವಿನ ಬೆರಳುಗಳು ತಡವರಿಸುವುದು ಒಳ್ಳೆಯದಲ್ಲ. ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯ ಕಡತಗಳನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಬ್ಯಾಟರಿ ಉಬ್ಬಿದ್ದರೆ ಕೂಡಲೇ ತೆಗೆಸಿ. ಬ್ಯಾಟರಿಯಿಲ್ಲದೆ ಬಳಸುವಾಗ ಕರೆಂಟ್ ಹೋದೊಡನೆ ಬರೆದದ್ದು ಅಳಿಯುವ ಭಯವಿರುವುದರಿಂದ, ಲಿಬ್ರೆಆಫೀಸ್ ತಾನಾಗಿ ಉಳಿಸಿಕೊಳ್ಳುವ ಅವಧಿಯನ್ನು 2 ನಿಮಿಷಕ್ಕೆ ಇಳಿಸಿ. ನಮ್ಮ ಕಡೆ ಅಕ್ಟೋಬರ್ ಸಂಜೆಗಳಲ್ಲಿ ಗುಡುಗು ಕೇಳಿಸಿದೊಡನೆ ಚಾರ್ಜರ್ ಕಳಚಿಡಬೇಕೆಂದು ಮಗಳಿಗೂ ಹೇಳಿಕೊಡಿ.

ಪ್ರಶ್ನೆ: 1 ಜಿಬಿ ರ‍್ಯಾಮಿನ, 32 ಬಿಟ್ ಪ್ರೊಸೆಸರಿನ ಪುಟ್ಟ ನೆಟ್‌ಬುಕ್‌ಗೂ ಇದೇ ಸಲಹೆಯೇ?
– ಶಿಕ್ಷಕಿ, ಮಂಜೇಶ್ವರ

ಉತ್ತರ: ಅಲ್ಲ. ಮಿಂಟ್‌ನ ಈಗಿನ ಆವೃತ್ತಿಗಳೂ ಲುಬುಂಟು ಎಂಬ ಹಗುರ ಲಿನಕ್ಸೂ 32 ಬಿಟ್ ಯಂತ್ರಗಳನ್ನು ಕೈಬಿಟ್ಟಿವೆ. ಡೆಬಿಯನ್ ಎಂಬ ಲಿನಕ್ಸ್ ಕೂಡ 2025ರಲ್ಲಿ ಬಂದ 13ನೆಯ ಆವೃತ್ತಿಯಲ್ಲಿ ಅವುಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿದೆ. ಡೆಬಿಯನ್ 12ನ್ನು ಆಧರಿಸಿದ ಆಂಟಿಎಕ್ಸ್ 23ರ 32 ಬಿಟ್ ಆವೃತ್ತಿಯನ್ನು ಹಾಕಿನೋಡಿ. ಕನ್ನಡ ಟೈಪಿಂಗ್ ಅಭ್ಯಾಸಕ್ಕೆ, ಇಳಿಸಿಟ್ಟ ಪಾಠ ಓದುವುದಕ್ಕೆ ಅದು ಸಾಕು. ವಿಡಿಯೊ ತರಗತಿಗೆ ಸಾಲದು. ಆ ನೆಟ್‌ಬುಕ್‌ಗಾಗಿ ಹೊಸ ಬಿಡಿಭಾಗ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ; ಆ ಹಣವನ್ನು 64 ಬಿಟ್‌ನ ಇನ್ನೊಂದು ಹಳೆಯ ಯಂತ್ರಕ್ಕೆ ಉಳಿಸಿ.