ಟೂರಿಸ್ಟ್ ವೀಸಾ ಬೇಡ. ಲಾಟರಿಗೆ ಮುಂಚೆ ಕಾಗದಪತ್ರ ಸಿದ್ಧವಿರಲಿ

ಓದುಗರ ಪತ್ರ: ನನಗೆ 29 ವರ್ಷ, ಬರುವ ಡಿಸೆಂಬರ್‌ಗೆ 30 ತುಂಬುತ್ತದೆ. ಬಿ.ಕಾಂ. ಆಗಿದೆ, ಮದುವೆಯಾಗಿಲ್ಲ. ಹೊರದೇಶದಲ್ಲಿ ಒಂದೆರಡು ವರ್ಷ ಇದ್ದು, ಸಿಕ್ಕ ಕೆಲಸ ಮಾಡಿ ಖರ್ಚು ತೂಗಿಸಿಕೊಂಡು ಊರೂರು ನೋಡುವ ಆಸೆ. ಮತ್ತೆ ಓದುವ ಮನಸ್ಸಿಲ್ಲ. ಏಜೆಂಟರೊಬ್ಬರು ‘ಟೂರಿಸ್ಟ್ ವೀಸಾದಲ್ಲಿ ಹೋಗಿಬಿಡಿ, ಮುಂದಿನದು ಅಲ್ಲಿ ನೋಡಿಕೊಂಡರಾಯಿತು’ ಎನ್ನುತ್ತಾರೆ. ಕೆನಡಾ, ಜಪಾನ್‌ಗಳ ವರ್ಕಿಂಗ್ ಹಾಲಿಡೇ ವೀಸಾ ಬಗ್ಗೆಯೂ ಕೇಳಿದ್ದೇನೆ. ಯಾವ ದಾರಿ ಸರಿ?

ಸಂಪಾದಕರ ಉತ್ತರ: ಮೊದಲು ಆ ಏಜೆಂಟರ ಮಾತನ್ನು ಬಿಟ್ಟುಬಿಡಿ. ಟೂರಿಸ್ಟ್ ವೀಸಾದಲ್ಲಿ ಹೋಗಿ ಸಂಬಳದ ಕೆಲಸಕ್ಕೆ ಸೇರುವಂತಿಲ್ಲ. ಯುರೋಪಿನ 29 ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಅದು ಆ ಎಲ್ಲ ದೇಶಗಳಿಗೂ ಸೇರಿಸಿದ ಲೆಕ್ಕ. ಫ್ರಾನ್ಸ್‌ನಿಂದ ಸ್ಪೇನ್‌ಗೆ ಹೋದ ಮಾತ್ರಕ್ಕೆ ಎಣಿಕೆ ಹೊಸದಾಗಿ ಶುರುವಾಗುವುದಿಲ್ಲ. ಅರ್ಜಿಯಲ್ಲಿ ಸುಳ್ಳು ಹೇಳಿದ್ದು ಸಾಬೀತಾದರೆ ಬ್ರಿಟನ್ 10 ವರ್ಷದವರೆಗೂ ಬಾಗಿಲು ಮುಚ್ಚಬಹುದು. ಸಾಮಾನ್ಯವಾಗಿ ಮುಂದಿನ ವೀಸಾ ಅರ್ಜಿಗಳಲ್ಲೂ ‘ಹಿಂದೆ ಎಲ್ಲಾದರೂ ವೀಸಾ ನಿರಾಕರಣೆಯಾಗಿದೆಯೇ’ ಎಂಬ ಪ್ರಶ್ನೆ ಎದುರಾಗುತ್ತದೆ. ಏಜೆಂಟರಿಗೆ ಅದರ ಬಿಸಿ ತಟ್ಟುವುದಿಲ್ಲ, ನಿಮಗೆ ತಟ್ಟುತ್ತದೆ.

ಕೆನಡಾ, ಜಪಾನ್‌ಗಳ ವಿಷಯ ಚಿಕ್ಕದು. ಸುತ್ತಾಡುತ್ತಲೇ ಕೆಲಸವನ್ನೂ ಮಾಡಲು ಯುವಜನರಿಗೆ ಕೊಡುವ ವರ್ಕಿಂಗ್ ಹಾಲಿಡೇ ವೀಸಾ ಎರಡು ದೇಶಗಳ ನಡುವಿನ ಒಪ್ಪಂದದ ಮೇಲೆ ನಿಂತದ್ದು. ನಿಮ್ಮ ಅರ್ಹತೆ ಎಷ್ಟೇ ಇರಲಿ, ತೀರ್ಮಾನವಾಗುವುದು ಪಾಸ್‌ಪೋರ್ಟ್ ಮೇಲೆ. ಆ ಎರಡೂ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ನಿಮಗೆ ನೇರವಾಗಿ ಹೊಂದುವುದು ಬ್ರಿಟನ್ ಮತ್ತು ಆಸ್ಟ್ರೇಲಿಯಾ. ಎರಡರಲ್ಲೂ ವೀಸಾಕ್ಕೆ ಅರ್ಜಿ ಹಾಕಬಲ್ಲವರನ್ನು ಲಾಟರಿ ಎತ್ತಿ ಆರಿಸುತ್ತಾರೆ.

ಬ್ರಿಟನ್‌ನ ಇಂಡಿಯಾ ಯಂಗ್ ಪ್ರೊಫೆಷನಲ್ಸ್ ಸ್ಕೀಮ್ 2023ರಲ್ಲಿ ಶುರುವಾಯಿತು. ವರ್ಷಕ್ಕೆ 3,000 ಸ್ಥಾನ, ಎರಡು ವರ್ಷದ ವಾಸ. ಕೆಲಸ ಮೊದಲೇ ಗೊತ್ತುಮಾಡಿಕೊಂಡಿರಬೇಕಿಲ್ಲ, ಅಲ್ಲಿಗೆ ಹೋಗಿ ಹುಡುಕಬಹುದು. ಎಷ್ಟು ಸಲ ಬೇಕಾದರೂ ಬದಲಿಸಬಹುದು. ಪದವಿ ಇರಬೇಕು, ನಿಮ್ಮ ಆಶ್ರಯದಲ್ಲಿ 18ರೊಳಗಿನ ಮಕ್ಕಳಿರಬಾರದು. ಲಾಟರಿ ಸಾಮಾನ್ಯವಾಗಿ ಫೆಬ್ರವರಿ ಮತ್ತು ಜುಲೈನಲ್ಲಿ ತೆರೆಯುತ್ತದೆ, ಅದೂ 48 ಗಂಟೆ ಮಾತ್ರ. ಹೆಚ್ಚಿನ ಸ್ಥಾನಗಳು ಫೆಬ್ರವರಿಯಲ್ಲೇ ಹೋಗುತ್ತವೆ. ಹೆಸರು ಹಾಕಲು ಶುಲ್ಕವಿಲ್ಲ. ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲಿ ಹೆಸರು, ಜನ್ಮದಿನಾಂಕ, ಪಾಸ್‌ಪೋರ್ಟ್ ವಿವರ, ಅದರ ಫೋಟೊ, ಫೋನ್ ಮತ್ತು ಇಮೇಲ್ ಕೊಟ್ಟರೆ ಮುಗಿಯಿತು. ಆಯ್ಕೆ ಯಾದೃಚ್ಛಿಕ. ಹೀಗಾಗಿ ‘ಸ್ಲಾಟ್ ಕೊಡಿಸುತ್ತೇವೆ’ ಎಂದು ದುಡ್ಡು ಕೇಳುವವರ ಬಳಿ ಮಾರಲು ಏನೂ ಇಲ್ಲ.

ಹೆಸರು ಬಂದರೆ ಎರಡು ವಾರದೊಳಗೆ ಇಮೇಲ್ ಬರುತ್ತದೆ. ಅಲ್ಲಿಂದ 90 ದಿನದೊಳಗೆ ವೀಸಾ ಅರ್ಜಿ ಸಲ್ಲಿಸಬೇಕು. ಎಡವುವವರು ಎಡವುವುದು ಇಲ್ಲೇ, ಅದರಲ್ಲೂ ಹಣದ ಪುರಾವೆಯಲ್ಲಿ. ನಿಮ್ಮ ಖಾತೆಯಲ್ಲಿ 2,530 ಪೌಂಡ್‌ಗೆ ಸಮನಾದ ಮೊತ್ತ ಸತತ 28 ದಿನ ಇರಬೇಕು. ಆ 28ನೇ ದಿನವು ಅರ್ಜಿ ಹಾಕುವ ದಿನಕ್ಕೆ ಹಿಂದಿನ 31 ದಿನಗಳೊಳಗೆ ಬರಬೇಕು. ಹತ್ತೊಂಬತ್ತನೇ ದಿನ ಯಾವುದೋ ಕಂತು ಕಡಿತವಾಗಿ ಮೊತ್ತ ಒಂದು ದಿನ ಕೆಳಗಿಳಿಯಿತೆನ್ನಿ, ಎಣಿಕೆ ಮತ್ತೆ ಒಂದರಿಂದ. ತಿಂಗಳ ಸರಾಸರಿ ನೋಡುವುದಿಲ್ಲ, ಪ್ರತಿದಿನದ ಬಾಕಿ ನೋಡುತ್ತಾರೆ. ತಂದೆಯ ಖಾತೆಯಲ್ಲಿರುವ ಹಣ ಈ ಯೋಜನೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ರೂಪಾಯಿಯ ಮೊತ್ತವನ್ನು ಅರ್ಜಿಯ ದಿನದ ವಿನಿಮಯ ದರದಲ್ಲಿ ಪೌಂಡ್‌ಗೆ ತಿರುಗಿಸಿ ನೋಡುವುದರಿಂದ, ಕಟ್ಟುನಿಟ್ಟಾಗಿ ಅಷ್ಟೇ ಇಡದೆ ಹತ್ತು ಪ್ರತಿಶತದಷ್ಟು ಹೆಚ್ಚಿಗೆ ಇಡಿ. ಸಂಬಳ ಬಂದು ಹೋಗುವ ಖಾತೆಯನ್ನು ಇದಕ್ಕೆ ಬಳಸಬೇಡಿ; ಬೇರೆ ಉಳಿತಾಯ ಖಾತೆ ತೆರೆದು, ಅದರ ಕಾರ್ಡನ್ನೂ ಯುಪಿಐಯನ್ನೂ ಮುಟ್ಟದೆ ಬಿಡುವುದು ವಾಸಿ.

ಈ ಮೊತ್ತದ ಹೊರಗೆ ಖರ್ಚೂ ಇದೆ. ವೀಸಾ ಶುಲ್ಕ 2025ರ ಏಪ್ರಿಲ್‌ನಲ್ಲಿ 319 ಪೌಂಡ್ ಆಯಿತು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗಾಗಿ ಕಟ್ಟುವ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 776ರಂತೆ ಎರಡು ವರ್ಷದ್ದು 1,552 ಪೌಂಡ್, ಅರ್ಜಿಯ ಹೊತ್ತಿಗೇ ಕಟ್ಟಬೇಕು. ವೀಸಾ ನಿರಾಕರಣೆಯಾದರೆ ಸರ್‌ಚಾರ್ಜ್ ವಾಪಸು ಬರುತ್ತದೆ, ವೀಸಾ ಶುಲ್ಕ ಬರುವುದಿಲ್ಲ. ಇದನ್ನೆಲ್ಲ ಅದೇ 28 ದಿನದ ಖಾತೆಯಿಂದ ಕಟ್ಟಿ ತೊಂದರೆಗೆ ಸಿಕ್ಕಬೇಡಿ. ಮಾನ್ಯತೆ ಪಡೆದ ಕ್ಲಿನಿಕ್‌ನಿಂದ ಕ್ಷಯ ಪರೀಕ್ಷೆಯ ಪ್ರಮಾಣಪತ್ರವೂ ಬೇಕು. ಅದು ಎಕ್ಸ್‌ರೇ ತೆಗೆದ ದಿನದಿಂದ ಆರು ತಿಂಗಳು ನಡೆಯುತ್ತದೆ. ಹಾಗಾಗಿ ಲಾಟರಿಯಲ್ಲಿ ಹೆಸರು ಬಂದ ಮೇಲೆ ಮಾಡಿಸಿದರೆ ಸಾಕು.

ಇನ್ನು ನಿಮ್ಮ ವಯಸ್ಸು. ವೀಸಾ ಅರ್ಜಿ ಸಲ್ಲಿಸುವ ದಿನ ನಿಮಗೆ 31 ತುಂಬಿರಬಾರದು. ಈ ಡಿಸೆಂಬರ್‌ಗೆ 30 ಆಗುವುದರಿಂದ ಮುಂದಿನ ವರ್ಷದ ಎರಡೂ ಲಾಟರಿ ನಿಮಗೆ ಸಿಗುತ್ತವೆ. ಜುಲೈ ಲಾಟರಿಯಲ್ಲಿ ಆಯ್ಕೆಯಾದರೂ 90 ದಿನದ ಗಡುವು ನವೆಂಬರ್ ಆರಂಭದ ಹೊತ್ತಿಗೆ ಮುಗಿಯುತ್ತದೆ, ಹುಟ್ಟುಹಬ್ಬಕ್ಕೆ ಮುಂಚೆಯೇ. ಆಮೇಲೆ ಈ ಬಾಗಿಲು ನಿಮಗಿಲ್ಲ. ಈ ವೀಸಾ ಜೀವನದಲ್ಲಿ ಒಂದೇ ಸಲ, ವಿಸ್ತರಣೆಯೂ ಇಲ್ಲ. ಅಲ್ಲಿ ಒಳ್ಳೆಯ ಕೆಲಸ ಸಿಕ್ಕಿ ಕಂಪನಿ ಪ್ರಾಯೋಜಿಸಿದರೆ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಅಲ್ಲಿದ್ದೇ ಬದಲಾಗಬಹುದು.

ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾಕ್ಕೆ ಸಬ್‌ಕ್ಲಾಸ್ 462 ಎನ್ನುತ್ತಾರೆ. ಭಾರತಕ್ಕೆ ಇದು ಸಿಕ್ಕಿದ್ದು ಎರಡು ದೇಶಗಳ ವ್ಯಾಪಾರ ಒಪ್ಪಂದದಿಂದ, 2024ರಲ್ಲಿ. ವಯಸ್ಸು 18ರಿಂದ 30, ಸ್ಥಾನ ವರ್ಷಕ್ಕೆ 1,000. ಮೊದಲ ಲಾಟರಿಗೆ ಎರಡೇ ವಾರದಲ್ಲಿ 40,000 ಹೆಸರು ಬಂದಿದ್ದವು, ಆದ್ದರಿಂದ ಇದನ್ನೇ ನಂಬಿ ಕೆಲಸ ಬಿಡಬೇಡಿ. ನೋಂದಣಿಗೆ 25 ಆಸ್ಟ್ರೇಲಿಯನ್ ಡಾಲರ್, ಅದು ವಾಪಸಿಲ್ಲ. ಆಯ್ಕೆಯಾದವರಿಗೆ ಅರ್ಜಿ ಸಲ್ಲಿಸಲು 28 ದಿನ ಮಾತ್ರ ಸಮಯ. ಅಷ್ಟರಲ್ಲಿ ಇಂಗ್ಲಿಷ್ ಪರೀಕ್ಷೆಗೆ ದಿನ ಹಿಡಿದು, ಫಲಿತಾಂಶ ತರಿಸುವುದು ಕಷ್ಟ, ಮೊದಲೇ ಬರೆದಿಟ್ಟುಕೊಳ್ಳಿ. ಪಿಯುಸಿ ನಂತರ ಎರಡು ವರ್ಷದ ಓದು, 5,000 ಡಾಲರ್ ಮತ್ತು ಹಿಂತಿರುಗುವ ಪ್ರಯಾಣದ ಖರ್ಚು ತೋರಿಸಬೇಕು.

ವೀಸಾ 12 ತಿಂಗಳದು. ಸಾಮಾನ್ಯವಾಗಿ ಒಬ್ಬ ಮಾಲೀಕರ ಬಳಿ ಆರು ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ, ಓದು ನಾಲ್ಕು ತಿಂಗಳು ಮೀರಬಾರದು. ಗೊತ್ತುಪಡಿಸಿದ ಪ್ರದೇಶಗಳಲ್ಲಿ ತೋಟ, ಪಶುಪಾಲನೆಯಂಥ ಕೆಲಸವನ್ನು 88 ದಿನ ಮಾಡಿದರೆ ಎರಡನೇ ವರ್ಷಕ್ಕೆ ಅರ್ಜಿ ಹಾಕಬಹುದು. ಸಂಬಳದ ಚೀಟಿ ಕೊಡದ ಮಾಲೀಕರ ಬಳಿ ದುಡಿದ ದಿನಗಳನ್ನು ಸಾಬೀತುಪಡಿಸುವುದು ಕಷ್ಟ, ಆದ್ದರಿಂದ ಮೊದಲ ವಾರವೇ ಚೀಟಿ ಕೇಳಿ. ತೆರಿಗೆಯೂ ಗೊತ್ತಿರಲಿ: ಈ ವೀಸಾದವರಿಗೆ ಸಾಮಾನ್ಯವಾಗಿ ಮೊದಲ ಡಾಲರ್‌ನಿಂದಲೇ 15 ಪ್ರತಿಶತ. ಮಾಲೀಕರು ತುಂಬುವ ಸೂಪರ್ ಎಂಬ ನಿವೃತ್ತಿ ನಿಧಿಯನ್ನು ದೇಶ ಬಿಟ್ಟ ಮೇಲೆ ಹಿಂಪಡೆಯಬಹುದು, ಆದರೆ ಅದರಲ್ಲಿ 65 ಪ್ರತಿಶತ ತೆರಿಗೆಗೆ ಹೋಗುತ್ತದೆ. ಅದನ್ನು ಉಳಿತಾಯವೆಂದು ಲೆಕ್ಕ ಹಾಕಿಕೊಳ್ಳಬೇಡಿ.

ಜರ್ಮನಿಯ ಚಾನ್ಸೆನ್‌ಕಾರ್ಟೆ ಬಗ್ಗೆಯೂ ಯಾರಾದರೂ ಹೇಳಿಯಾರು. 2024ರ ಜೂನ್‌ನಿಂದ ಇದೆ, ಲಾಟರಿ ಇಲ್ಲ, ಅಂಕಗಳ ಪದ್ಧತಿ. ಒಂದು ವರ್ಷದವರೆಗೆ ಇದ್ದು ವಾರಕ್ಕೆ 20 ಗಂಟೆ ದುಡಿಯಬಹುದು. ಆದರೆ ಅದು ಉದ್ಯೋಗ ಹುಡುಕುವವರಿಗೆ ಮಾಡಿದ್ದು, ಮತ್ತು ಸಾಮಾನ್ಯವಾಗಿ, ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಲು ಬಿಡುವ ಬ್ಲಾಕ್ಡ್ ಅಕೌಂಟ್‌ನಲ್ಲಿ 2025ರ ದರದಲ್ಲಿ ತಿಂಗಳಿಗೆ 1,091 ಯೂರೋನಂತೆ ಇಡೀ ವರ್ಷದ ಹಣ ಇಡಬೇಕಾಗುತ್ತದೆ. ಸುತ್ತಾಡುವ ಆಸೆಗೆ ಇದು ದುಬಾರಿ.

ಈಗಲೇ ಮಾಡಬೇಕಾದ ಕೆಲಸ ಒಂದಿದೆ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ತಂದೆಯ ಪೂರ್ತಿ ಹೆಸರು, ಪಾನ್ ಕಾರ್ಡ್‌ನಲ್ಲಿ ಇನ್ನೊಂದು ಥರ ಇರುವುದು ನಮ್ಮಲ್ಲಿ ಸಾಮಾನ್ಯ. ಮೂರನ್ನೂ ಪಕ್ಕದಲ್ಲಿಟ್ಟು ನೋಡಿ. ಪಾನ್ ತಿದ್ದುಪಡಿ ಸುಲಭ. ಪಾಸ್‌ಪೋರ್ಟ್ ಮರುಮುದ್ರಣವಾದರೆ ಅದರ ಸಂಖ್ಯೆಯೇ ಬದಲಾಗುವುದರಿಂದ, ಲಾಟರಿಗೆ ಹೆಸರು ಹಾಕುವ ಮುನ್ನವೇ ಹೊಸದನ್ನು ಕೈಗೆ ತಂದುಕೊಳ್ಳಿ. ಪದವಿ ಪ್ರಮಾಣಪತ್ರದಲ್ಲಿ ವ್ಯತ್ಯಾಸವಿದ್ದರೆ ಎರಡೂ ಹೆಸರು ಒಬ್ಬರವೇ ಎಂಬ ಅಫಿಡವಿಟ್ ಮಾಡಿಸಿ ಅರ್ಜಿಯ ಜೊತೆ ಲಗತ್ತಿಸಿ.