ಹಾಕಿ ಬಿಟ್ಟು ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಓದಬಹುದಾ?

ಪಿಯುಸಿ ಮುಗೀತು, ಹಾಕಿಯಲ್ಲಿ ಸ್ಟೇಟ್ ಟೀಮ್ ಸಿಗಲಿಲ್ಲ, ಇನ್ನು ಆಟ ಬಿಟ್ಟು ಸ್ಪೋರ್ಟ್ಸ್ ಮತ್ತು ಫಿಟ್‌ನೆಸ್ ಮ್ಯಾನೇಜ್‌ಮೆಂಟ್ ಡಿಗ್ರಿ ಸೇರಲಾ ಅಂತ ಕೇಳಿದ್ದೀರಿ. ಸೇರಿ. ಆದರೆ ಆಟ ಬಿಡಬೇಡಿ. ನಾನು ಬಿಟ್ಟಿದ್ದೆ.

ನಮ್ಮದು ಕೊಡಗಿನ ನಾಪೋಕ್ಲು ಕಡೆ. ಬೆಂಗಳೂರಿನಲ್ಲಿ ಇದೇ ಡಿಗ್ರಿ ಮಾಡಿದೆ. ಎರಡನೇ ವರ್ಷ ಇಂಟರ್ ಕಾಲೇಜ್ ಹಾಕಿ ಸೆಲೆಕ್ಷನ್ ಇತ್ತು. ಪಿ.ಡಿ. (ಕಾಲೇಜಿನ ಫಿಸಿಕಲ್ ಡೈರೆಕ್ಟರ್) ಸರ್ ಅವರೇ ಕರೆದು, "ಕೊಡಗಿನ ಹುಡುಗ, ಬಾರಪ್ಪ" ಅಂದರು. ಬೆಳಿಗ್ಗೆ ಆರೂವರೆಗೆ ಸೆಲೆಕ್ಷನ್. ಅದೇ ಹೊತ್ತಿಗೆ ಒಂದು ಜಿಮ್‌ನಲ್ಲಿ ನನಗೆ ಪಾರ್ಟ್ ಟೈಮ್ ಕೆಲಸ. ಒಂದು ದಿನ ರಜೆ ಕೇಳಿದ್ದರೆ ಸಿಗುತ್ತಿತ್ತು. ಕೇಳಲಿಲ್ಲ. "ಸರ್, ನಾನೀಗ ಮ್ಯಾನೇಜ್‌ಮೆಂಟ್ ಸೈಡ್, ಆಡೋದಿಲ್ಲ" ಅಂದೆ. ಮೂರನೇ ವರ್ಷವೂ ಕರೆದರು, ಆಗಲೂ ಅದೇ ಮಾತು. ಮೊದಲ ಸುತ್ತಲ್ಲೇ ಸೋತರೂ ಪರವಾಗಿರಲಿಲ್ಲ, ಭಾಗವಹಿಸಿದ್ದೇನೆ ಅಂತ ಒಂದು ಕಾಗದ ಕೈಗೆ ಬರುತ್ತಿತ್ತು.

ಆ ಕಾಗದ ಯಾಕೆ ಬೇಕು ಅಂತ ಡಿಗ್ರಿ ಮುಗಿದ ಮೇಲೆ ಗೊತ್ತಾಯಿತು. ಜಿಮ್‌ನಲ್ಲಿ ಮೆಂಬರ್‌ಶಿಪ್ ಮಾರುವುದಕ್ಕಿಂತ ಮಕ್ಕಳ ಜೊತೆ ಗ್ರೌಂಡಿನಲ್ಲಿರೋದು ನನಗಿಷ್ಟ. ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ಟರ್ ಆಗಲು ಬಿ.ಪಿ.ಎಡ್ ಬೇಕು, ಅದು ದೈಹಿಕ ಶಿಕ್ಷಣದ ಎರಡು ವರ್ಷದ ಕೋರ್ಸ್. ಮ್ಯಾನೇಜ್‌ಮೆಂಟ್ ಡಿಗ್ರಿ ಅದರ ಬದಲಿಗೆ ನಡೆಯೋದಿಲ್ಲ. ಬೇರೆ ಡಿಗ್ರಿಯವರೂ ಬಿ.ಪಿ.ಎಡ್ ಸೇರಬಹುದು, ಆದರೆ ಶೇ 50 ಅಂಕದ ಜೊತೆಗೆ ಶಾಲಾ, ಜಿಲ್ಲಾ ಅಥವಾ ಇಂಟರ್ ಕಾಲೇಜ್ ಮಟ್ಟದಲ್ಲಿ ಆಡಿದ ಸರ್ಟಿಫಿಕೇಟ್ ಇರಬೇಕು. ನಮ್ಮ ಒಕ್ಕದ, ಅಂದರೆ ಮನೆತನದ, ಟೀಮಿನಲ್ಲಿ ಆಡಿದ ಸರ್ಟಿಫಿಕೇಟ್ ಕೊಟ್ಟೆ. ಅದು ಈ ಯಾವ ಮಟ್ಟಕ್ಕೂ ಸೇರೋದಿಲ್ಲ, ಕ್ಲರ್ಕ್ ನೋಡಿ ವಾಪಸ್ ಕೊಟ್ಟರು.

ಹೈಸ್ಕೂಲಿನಲ್ಲಿ ಜಿಲ್ಲಾ ಮಟ್ಟ ಆಡಿದ್ದೆನಲ್ಲ, ಅದು ಅಟ್ಟದ ಮೇಲಿನ ಟ್ರಂಕಿನಲ್ಲಿತ್ತು. ರಾತ್ರಿ ಬಸ್ಸಿಗೆ ಊರಿಗೆ ಬಂದೆ. ಕಕ್ಕಡದ ಮಳೆ, ಅಂದರೆ ನಮ್ಮ ಕಡೆಯ ಆಟಿ ತಿಂಗಳ ಜೋರು ಮಳೆ. ಟ್ರಂಕ್ ತೆರೆದರೆ ಕಾಗದಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಹಪ್ಪಳದ ಹಾಗಾಗಿದ್ದವು. ಮೇಲೆಲ್ಲ ಬೂಷ್ಟು. ನನ್ನ ಹೆಸರಿದ್ದ ಜಾಗದಲ್ಲಿ ಬರೀ ನೀಲಿ ಕಲೆ. ಅವ್ವ ಒಲೆ ಹತ್ತಿರ ಹಿಡಿದು ಒಣಗಿಸಲು ನೋಡಿದರು, ಮಡಿಕೆಯಲ್ಲೇ ಹರಿಯಿತು. ನಕಲು ಪ್ರತಿಗಾಗಿ ಓಡಾಡಿ ಅದು ಕೈಗೆ ಬರುವಷ್ಟರಲ್ಲಿ ಅಡ್ಮಿಷನ್ ಮುಗಿದಿತ್ತು. ಒಂದು ವರ್ಷ ಹೋಯಿತು.

ಇನ್ನೊಂದು ಮಾತು. ಆಟದಲ್ಲಿ ಮುಂದೆ ಹೋಗದವರಿಗೆ ಮ್ಯಾನೇಜ್‌ಮೆಂಟ್ ಅಂತ ನೀವು ಅಂದುಕೊಂಡ ಹಾಗಿದೆ. ನಾನು ಒಪ್ಪೋದಿಲ್ಲ. ಕೊಡವ ಮನೆತನಗಳು ಒಂದೊಂದು ತಂಡವಾಗಿ ಆಡುವ ನಮ್ಮ ಕೌಟುಂಬಿಕ ಹಾಕಿ ಟೂರ್ನಮೆಂಟನ್ನೇ ನೋಡಿ. 1997ರಲ್ಲಿ ಕರಡ ಅನ್ನೋ ಊರಿನಲ್ಲಿ 60 ಕುಟುಂಬಗಳಿಂದ ಶುರುವಾಗಿದ್ದು, 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ ಸೇರಿ ಗಿನ್ನೆಸ್ ದಾಖಲೆಯಾಯಿತು. 360 ತಂಡಕ್ಕೆ ನಾಕೌಟ್ ಡ್ರಾ ಹಾಕಲು ನೀವೇ ಕೂತು ನೋಡಿ. ಕ್ಲಾಸಿನಲ್ಲಿ ಕಲಿಸುವ ಲೆಕ್ಕದ ಪ್ರಕಾರ 128, 256, 512 ಹೀಗೆ ದುಪ್ಪಟ್ಟಾಗುತ್ತಾ ಹೋಗುವ ಚಾರ್ಟಿನಲ್ಲಿ 512ರದ್ದು ಬೇಕು, 152 ತಂಡಕ್ಕೆ ಬೈ (ಆಡದೆಯೇ ಎರಡನೇ ಸುತ್ತಿಗೆ), ಮೊದಲ ಸುತ್ತಿಗೇ 104 ಮ್ಯಾಚ್. ಅದರ ಮೇಲೆ ಅಂಪೈರ್, ಆಂಬುಲೆನ್ಸ್, ನೀರು, ಊಟ, ಗಾಡಿ ನಿಲ್ಲಿಸುವ ಜಾಗ, ಸಂಜೆ ಮಳೆ ಬಂದು ನಿಂತ ಮ್ಯಾಚ್. ಒಂದು ತಂಡ ಮಧ್ಯಾಹ್ನದ ಮ್ಯಾಚಿಗೆ ಎಷ್ಟೊತ್ತಿಗೆ ಊಟ ಮಾಡಬೇಕು ಅನ್ನೋದು ಆಡಿದವನಿಗೇ ಥಟ್ಟನೆ ಹೊಳೆಯುತ್ತೆ.

ಫಿಟ್‌ನೆಸ್ ಬಗ್ಗೆ ಜಾಸ್ತಿ ಹೇಳಲ್ಲ. ಬರೀ ಟ್ರೇನರ್ ಆಗಬೇಕಿದ್ದರೆ ಮೂರು ವರ್ಷ ಬೇಡ, ಸಣ್ಣ ಸರ್ಟಿಫಿಕೇಟ್ ಕೋರ್ಸ್ ಸಾಕು.

ನಾನೀಗ ಪೊನ್ನಂಪೇಟೆ ಕಡೆಯ ಒಂದು ಶಾಲೆಯಲ್ಲಿ ಪಿ.ಟಿ. ಮಾಸ್ಟರ್. ಟೂರ್ನಮೆಂಟಿನಿಂದ ಬಂದ ದಿನವೇ ಮಕ್ಕಳ ಸರ್ಟಿಫಿಕೇಟ್ ಫೋಟೋ ತೆಗೆದು ಅವರ ಮನೆಯವರ ವಾಟ್ಸಾಪಿಗೆ ಹಾಕುತ್ತೇನೆ. ನಿಮ್ಮದು ಎಲ್ಲಿದೆ? ಮಳೆ ಹಿಡಿಯುವ ಮುಂಚೆ ಅಟ್ಟದಿಂದ ಇಳಿಸಿ, ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳಿ. ಕಾಲೇಜು ಸೇರಿದ ಮೊದಲ ವಾರವೇ ಸ್ಟಿಕ್ ಹಿಡಿದು ಪಿ.ಡಿ. ಹತ್ತಿರ ಹೋಗಿ.