ಮನೆಯ ಮೇಲೆ ಬಳಿದ ಕಪ್ಪು

ಪ್ರಶ್ನೆ: ನಾವು ಕಾರವಾರದ ಸಮೀಪದ ಹಳ್ಳಿಯವರು. ಮಗನಿಗೆ ಒಂಬತ್ತು ವರ್ಷ. ನಾಲ್ಕನೆಯ ವಯಸ್ಸಿನಲ್ಲಿ ಆಟಿಸಂ ಇದೆ ಎಂದು ವೈದ್ಯರು ಹೇಳಿದರು. ಮಾತು ಕಡಿಮೆ, ಎಲ್ಲೋ ಕೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಾನೆ. ಚಿತ್ರ ಬಿಡಿಸುವುದೆಂದರೆ ಪ್ರಾಣ. ಜೂನ್ ತಿಂಗಳಿನಿಂದ ಒಂದೇ ಚಿತ್ರ ಬಿಡಿಸುತ್ತಿದ್ದಾನೆ: ಒಂದು ಮನೆ, ಅದರ ಮೇಲೆ ಕಾಗದ ಹರಿಯುವವರೆಗೆ ತಿಕ್ಕಿದ ಕಪ್ಪು, ಮೂಲೆಯಲ್ಲಿ ಒಬ್ಬ ಪುಟ್ಟ ಮನುಷ್ಯ. ನನ್ನನ್ನೂ ಬಿಡಿಸುತ್ತಾನೆ, ಆದರೆ ನನಗೆ ಕೈಗಳೇ ಇರುವುದಿಲ್ಲ. ಬಿಡಿಸುವಾಗ ‘ಬಂದ್ ಮಾಡು, ಬಂದ್ ಮಾಡು’ ಎನ್ನುತ್ತಿರುತ್ತಾನೆ. ಟಿವಿ ಬಂದ್ ಮಾಡಿದರೂ ಸುಮ್ಮನಾಗುವುದಿಲ್ಲ. ರಾತ್ರಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ. ಇದು ಅಪಶಕುನ, ಚಿತ್ರಗಳನ್ನು ಸುಟ್ಟುಬಿಡು ಎಂದು ಅತ್ತೆ ಹೇಳುತ್ತಾರೆ. ಕಪ್ಪು ಬಣ್ಣ ಖಿನ್ನತೆಯ ಗುರುತು ಎಂದು ಮೊಬೈಲಿನಲ್ಲಿ ಓದಿ ನಾನು ಕಪ್ಪು ಕ್ರೇಯಾನನ್ನು ಅಡಗಿಸಿಟ್ಟೆ. ಈಗ ಬಚ್ಚಲ ಒಲೆಯ ಇದ್ದಿಲು ತಂದು ಗೋಡೆಯ ಮೇಲೆಲ್ಲ ಬರೆಯುತ್ತಾನೆ. ಮೇ ತಿಂಗಳಲ್ಲಿ ಹಂಚು ಇಳಿಸಿ ತಗಡಿನ ಶೀಟು ಹಾಕಿಸಿದಾಗ ಸುಣ್ಣ ಬಳಿಸಿದ್ದ ಹೊಸ ಗೋಡೆ ಅದು. ನನ್ನ ಮಗುವಿಗೆ ನಾನೇ ಬೇಡವಾದೆನೇ?

ಉತ್ತರ: ಸಹೋದರಿ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದನ್ನು ಎದೆಯಲ್ಲಿಟ್ಟುಕೊಂಡು ನೀವು ಉಳಿದದ್ದನ್ನು ಓದಲಾರಿರಿ. ಕೈಗಳಿಲ್ಲದ ಆ ಚಿತ್ರದಿಂದ ಮಗನಿಗೆ ನಿಮ್ಮ ಮೇಲೆ ಪ್ರೀತಿಯಿಲ್ಲ ಎಂದು ತೀರ್ಮಾನಿಸಲು ಯಾವ ಆಧಾರವೂ ಇಲ್ಲ. ಮಕ್ಕಳು ಚಿತ್ರದಲ್ಲಿ ಕೈ, ಕಿವಿ, ಕುತ್ತಿಗೆಗಳನ್ನು ಬಿಡುವುದು ತೀರ ಸಾಮಾನ್ಯ. ಬಹಳಷ್ಟು ಮಕ್ಕಳು ಒಂದು ಹಂತದಲ್ಲಿ ತಲೆಯಿಂದಲೇ ನೇರವಾಗಿ ಕಾಲುಗಳು ಹೊರಟ ಮನುಷ್ಯನನ್ನು ಬಿಡಿಸುತ್ತಾರೆ, ಮತ್ತು ಬೆಳವಣಿಗೆ ತನ್ನದೇ ಗತಿಯಲ್ಲಿ ಸಾಗುವ ಮಗುವಿನಲ್ಲಿ ಆ ಹಂತ ಹೆಚ್ಚು ಕಾಲ ಉಳಿಯಬಹುದು. ಬಿಟ್ಟ ಅಂಗಗಳಲ್ಲಿ ಮನಸ್ಸಿನ ಗುಟ್ಟನ್ನು ಓದುವ ಪದ್ಧತಿಯನ್ನು 1949ರಲ್ಲಿ ಕರೆನ್ ಮಕೋವರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಪುಸ್ತಕವಾಗಿ ಬರೆದು ಪ್ರಚಾರಕ್ಕೆ ತಂದರು. ಆದರೆ ಮುಂದಿನ ದಶಕಗಳಲ್ಲಿ ಅದನ್ನು ಪರೀಕ್ಷಿಸಿದವರಿಗೆ, ಇಂಥ ಬಿಡಿ ಗುರುತು ಇಂಥ ಭಾವನೆಯನ್ನೇ ಸೂಚಿಸುತ್ತದೆ ಎನ್ನಲು ಗಟ್ಟಿಯಾದ ಪುರಾವೆ ಸಿಗಲಿಲ್ಲ. ನೀವು ಮೊಬೈಲಿನಲ್ಲಿ ಓದಿದ ‘ಕಪ್ಪು ಎಂದರೆ ಖಿನ್ನತೆ’ ಎಂಬುದೂ ಅದೇ ಜಾತಿಯ ಮಾತು. ಅತ್ತೆಯವರ ಅಪಶಕುನಕ್ಕಿಂತ ಅದು ಹೆಚ್ಚು ವೈಜ್ಞಾನಿಕವೇನೂ ಅಲ್ಲ.

ಇದನ್ನು ನಾನು ಪುಸ್ತಕದಿಂದಷ್ಟೇ ಕಲಿತದ್ದಲ್ಲ. ಹಿಂದೊಮ್ಮೆ ಶಿರಸಿಯ ಕಡೆಯ ಹುಡುಗನೊಬ್ಬ ಹಾಳೆ ತುಂಬ ಕೆಂಪು ಬಳಿದು ತಂದಾಗ, ಸಿಟ್ಟು, ರಕ್ತ, ಹೊಡೆತ ಎಂದೆಲ್ಲ ಯೋಚಿಸಿ ನಾನು ಕಳವಳಗೊಂಡಿದ್ದೆ. ಅವನ ಮನೆಗೆ ಹೋದ ದಿನ ಅಂಗಳದ ಅಟ್ಟದ ಮೇಲೆ ಬೇಯಿಸಿದ ಕೆಂಪಡಿಕೆಯನ್ನು ಈ ತುದಿಯಿಂದ ಆ ತುದಿಯವರೆಗೆ ಒಣಗಲು ಹರವಿದ್ದರು, ಮತ್ತು ಹುಡುಗ ಅದರ ಪಕ್ಕದಲ್ಲಿ ಕುಳಿತು ತುಂಬ ಸಂತೋಷದಿಂದ ಮತ್ತೊಂದು ಹಾಳೆಗೆ ಕೆಂಪು ಬಳಿಯುತ್ತಿದ್ದ. ಅಂದಿನಿಂದ, ಮಗು ಚಿತ್ರ ಬಿಡಿಸಿದ ಜಾಗವನ್ನೂ ಹೊತ್ತನ್ನೂ ತಿಳಿಯದೆ ನಾನು ಯಾವ ಚಿತ್ರದ ಬಗ್ಗೆಯೂ ಅಭಿಪ್ರಾಯ ಹೇಳುವುದಿಲ್ಲ. ಚಿತ್ರವನ್ನು ಜಾತಕದಂತೆ ಓದಲು ಬರುವುದಿಲ್ಲ. ಮಗು ಅದನ್ನು ಬಿಡಿಸುವಾಗ ಪಕ್ಕದಲ್ಲಿ ಕುಳಿತವರಿಗೆ ಮಾತ್ರ ಅದು ಅಷ್ಟಿಷ್ಟು ಅರ್ಥವಾಗುತ್ತದೆ.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ಅದರಲ್ಲಿ ನೀವು ಗೋಡೆಯ ಸುಣ್ಣದ ಬಗ್ಗೆ ಹೇಳುವಾಗ ಹಾದು ಹೋಗುವಂತೆ ಬರೆದ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಮೇ ತಿಂಗಳಲ್ಲಿ ಹಂಚು ಇಳಿದು ತಗಡು ಏರಿದೆ. ಜೂನ್‌ನಲ್ಲಿ ಚಿತ್ರ ಶುರುವಾಗಿದೆ. ಕಪ್ಪು ಇರುವುದು ಮನೆಯ ಒಳಗಲ್ಲ, ಪಕ್ಕದಲ್ಲೂ ಅಲ್ಲ, ಮೇಲೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ, ಅದರಲ್ಲಿ ಬಹುಪಾಲನ್ನು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಸುವ ನಮ್ಮ ಕರಾವಳಿಯಲ್ಲಿ, ತಗಡಿನ ಮೇಲೆ ಬೀಳುವ ಆಷಾಢದ ಮಳೆಯ ಸದ್ದು ಏನೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ. ಪಕ್ಕದಲ್ಲಿ ಕುಳಿತವರ ಮಾತೂ ಕೇಳಿಸುವುದಿಲ್ಲ. ಆಟಿಸಂ ಇರುವ ಅನೇಕ ಮಕ್ಕಳಿಗೆ ಶಬ್ದದ ಸಂವೇದನೆ ನಮಗಿಂತ ಬಹಳ ತೀವ್ರವಾಗಿರುತ್ತದೆ. ನಮಗೆ ಕೇವಲ ಕಿರಿಕಿರಿಯಾಗುವ ಸದ್ದು ಅವರಿಗೆ ನೋವನ್ನೇ ಉಂಟುಮಾಡಬಹುದು. ಇನ್ನು ಆ ‘ಬಂದ್ ಮಾಡು’. ಕೇಳಿದ ಮಾತನ್ನು ಮರಳಿ ಹೇಳುವುದು ಅರ್ಥವಿಲ್ಲದ ಗಿಳಿಪಾಠ ಎಂದು ಹಿಂದೆ ಭಾವಿಸುತ್ತಿದ್ದರು. ಸ್ವಂತ ಮಾತು ಹೊಳೆಯದ ಮಗು ತನಗೆ ಬೇಕಾದುದನ್ನು ಕೇಳಲು, ಬೇಡವಾದುದನ್ನು ನಿರಾಕರಿಸಲು ಇಂಥ ಎರವಲು ಮಾತನ್ನೇ ಬಳಸುತ್ತದೆ ಎಂಬುದು ಈಗ ಚೆನ್ನಾಗಿ ತಿಳಿದಿರುವ ಸಂಗತಿ. ಟಿವಿಯ ಸದ್ದು ಹೆಚ್ಚಾದಾಗ ನೀವು ಮನೆಯಲ್ಲಿ ಯಾರಿಗೋ ಹೇಳಿದ ಮಾತನ್ನು ಅವನು ಎತ್ತಿಟ್ಟುಕೊಂಡು, ಈಗ ಮಳೆಯನ್ನು ಬಂದ್ ಮಾಡಲು ನಿಮ್ಮನ್ನು ಕೇಳಿಕೊಳ್ಳುತ್ತಿರಬಹುದು. ಹಾಗಿದ್ದರೆ ನಿಮ್ಮನ್ನು ಬೇಡವೆಂದ ಮಗುವಲ್ಲ ಅದು. ಆಯಿಗೆ, ಅಂದರೆ ಅಮ್ಮನಿಗೆ, ಮಳೆಯನ್ನೂ ನಿಲ್ಲಿಸಲು ಬರುತ್ತದೆ ಎಂದು ನಂಬಿದ ಮಗು.

ಇದು ನನ್ನ ಊಹೆ. ಇದನ್ನು ಪರೀಕ್ಷಿಸಬೇಕಾದವರು ನೀವು, ಮತ್ತು ಅದು ಕಷ್ಟವಲ್ಲ. ಪ್ರತಿ ಚಿತ್ರದ ಹಿಂದೆ ದಿನಾಂಕ, ಹೊತ್ತು, ಆಗ ಮಳೆ ಇತ್ತೇ, ಕರೆಂಟು ಹೋಗಿತ್ತೇ, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು ಎಂದು ಬರೆದಿಡಿ. ಮೊದಲು ಯಾವುದನ್ನು ಬಿಡಿಸಿದ, ಕಪ್ಪು ಬಳಿಯುವಾಗ ಉಸಿರು ಮತ್ತು ಕೈ ಹೇಗಿದ್ದವು, ಮುಗಿದ ಮೇಲೆ ಹಗುರಾದನೇ ಅಥವಾ ಇನ್ನಷ್ಟು ಕೆರಳಿದನೇ ಎಂಬುದನ್ನೂ ಗಮನಿಸಿ. ಎರಡು ವಾರಗಳಲ್ಲಿ ನಿಮಗೇ ಒಂದು ಜಾಡು ಕಾಣಿಸುತ್ತದೆ. ಅವನು ಸದ್ದು ತೀರ ಕಡಿಮೆ ಇದ್ದ ದಿನವೂ ಅಷ್ಟೇ ಕಪ್ಪು ಬಳಿದರೆ ನಾನು ತಪ್ಪು ದಾರಿಯಲ್ಲಿದ್ದೇನೆ ಎಂದರ್ಥ.

ಕಪ್ಪು ಕ್ರೇಯಾನನ್ನು ಮಾತ್ರ ಇಂದೇ ಮರಳಿ ಕೊಡಿ. ನೀವು ಕೆಟ್ಟ ಮನಸ್ಸಿನಿಂದ ಅಡಗಿಸಿಟ್ಟವರಲ್ಲ ಎಂದು ನನಗೆ ಗೊತ್ತು, ಆದರೆ ಮಾತಿಲ್ಲದ ಮಗುವಿನಿಂದ ಬಣ್ಣವನ್ನು ಕಿತ್ತುಕೊಳ್ಳುವುದು ಅದರ ಬಾಯಿಗೆ ಬಟ್ಟೆ ತುರುಕಿದಂತೆಯೇ. ಅವನು ಇದ್ದಿಲು ಹುಡುಕಿಕೊಂಡು ಬಚ್ಚಲಿಗೆ ಹೋದದ್ದು ಹಟವಲ್ಲ, ಹೇಳಲೇಬೇಕೆಂಬ ತವಕ. ಅದಕ್ಕಾಗಿ ಅವನನ್ನು ಮೆಚ್ಚಬೇಕೆನಿಸುತ್ತದೆ ನನಗೆ. ಗೋಡೆಗೆ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಹಿಂಬದಿ ಹೊರಗೆ ಬರುವಂತೆ ಅಂಟಿಸಿದರೆ ಸುಣ್ಣವೂ ಉಳಿಯುತ್ತದೆ.

ಅವನು ಬಿಡಿಸಲು ಕುಳಿತಾಗ ನೀವೂ ಒಂದು ಹಾಳೆ ತೆಗೆದುಕೊಂಡು ಪಕ್ಕದಲ್ಲಿ, ಎದುರಿಗಲ್ಲ, ಕುಳಿತುಕೊಳ್ಳಿ. ‘ಇದೇನು? ಇದ್ಯಾಕೆ ಕಪ್ಪು?’ ಎಂದು ಕೇಳಬೇಡಿ. ಪ್ರಶ್ನೆ ಅವನಿಗೆ ಪರೀಕ್ಷೆಯಾಗುತ್ತದೆ. ಕಂಡದ್ದನ್ನು ಮೆಲ್ಲನೆ ಹೇಳಿ: ‘ಮನೆ ಬಂತು. ಮೇಲೆ ಕಪ್ಪು ಬಂತು. ತುಂಬಾ ಕಪ್ಪು.’ ಆಮೇಲೆ ನಿಮ್ಮ ಹಾಳೆಯಲ್ಲಿ ಅದೇ ಮನೆ ಬಿಡಿಸಿ, ಮೇಲೆ ಮಳೆಯ ಗೆರೆ ಎಳೆದು, ಒಳಗೆ ಕಿವಿ ಮುಚ್ಚಿಕೊಂಡ ಹುಡುಗನನ್ನೂ ಅವನ ಪಕ್ಕದಲ್ಲಿ ಆಯಿಯನ್ನೂ ಬಿಡಿಸಿ. ಅವನು ನೋಡುತ್ತಾನೆಯೇ, ಬೆರಳಿಟ್ಟು ಮುಟ್ಟುತ್ತಾನೆಯೇ, ಹಾಳೆಯನ್ನು ತಳ್ಳುತ್ತಾನೆಯೇ ಎಂಬುದೇ ಉತ್ತರ. ಕಡ್ಡಿಯಂಥ ಮನುಷ್ಯರನ್ನು ಬಿಡಿಸಿ, ಅವರ ತಲೆಯ ಮೇಲೆ ಗುಳ್ಳೆಯೊಳಗೆ ಮಾತು ಮತ್ತು ಮನಸ್ಸನ್ನು ತೋರಿಸುತ್ತ ಸಂಭಾಷಣೆ ನಡೆಸುವ ಈ ರೀತಿಯನ್ನು ಕರೋಲ್ ಗ್ರೇ ಎಂಬ ಶಿಕ್ಷಕಿ 1994ರಲ್ಲಿ ಆಟಿಸಂ ಇರುವ ಮಕ್ಕಳಿಗೆಂದೇ ರೂಪಿಸಿದರು. ಮಾತು ಕಡಿಮೆ ಇರುವ ನಿಮ್ಮ ಮಗನಿಗೆ ಅಕ್ಷರಗಳ ಬದಲು ಮುಖಭಾವ ಮತ್ತು ಬಣ್ಣ ಸಾಕು.

ಸದ್ದಿಗೂ ಏನಾದರೂ ಮಾಡಬೇಕು. ಹಂಚು ಇನ್ನೂ ಉಳಿದಿರುವ ಕೋಣೆಯಿದ್ದರೆ ಅವನ ಹಾಸಿಗೆಯನ್ನು ಅಲ್ಲಿಗೆ ಹಾಕಿ. ಇಲ್ಲದಿದ್ದರೆ ತಗಡಿನ ಮೇಲೆ ತೆಂಗಿನ ಮಡಲನ್ನೋ ಅಡಿಕೆ ಸೋಗೆಯನ್ನೋ ದಪ್ಪಗೆ ಹೊದಿಸಿ ಕಟ್ಟಿಸಿದರೆ ಮಳೆಹನಿಯ ಹೊಡೆತ ಬಹಳ ಮೆತ್ತಗಾಗುತ್ತದೆ. ಕಿವಿ ಮುಚ್ಚುವ ಹೆಡ್‌ಫೋನಿನಂಥ ಸಾಧನವನ್ನು ಮಳೆಯಿಲ್ಲದ ಹೊತ್ತಿನಲ್ಲಿ, ಆಟದಂತೆ, ಮೊದಲು ನೀವು ಹಾಕಿಕೊಂಡು ತೋರಿಸಿ ರೂಢಿ ಮಾಡಿಸಿ. ಮಳೆ ಜಡಿಯುತ್ತಿರುವಾಗ ಬಲವಂತವಾಗಿ ತೊಡಿಸಬೇಡಿ.

ತಲೆ ಚಚ್ಚಿಕೊಳ್ಳುವ ವಿಷಯವನ್ನು ನಾನು ಚಿತ್ರದ ಲೆಕ್ಕಕ್ಕೆ ಬಿಡಲಾರೆ. ನೋವನ್ನು ಹೇಳಲಾಗದ ಮಗು ಕಿವಿನೋವಿಗೂ ಹಲ್ಲುನೋವಿಗೂ ಹೊಟ್ಟೆಯ ತೊಂದರೆಗೂ ತಲೆ ಚಚ್ಚಿಕೊಳ್ಳುತ್ತದೆ. ಆಟಿಸಂ ಇರುವ ಮಕ್ಕಳಲ್ಲಿ ಅಪಸ್ಮಾರವೂ ಇತರರಿಗಿಂತ ಹೆಚ್ಚು. ಈ ವಾರವೇ ಕಾರವಾರದ ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಿ, ದಿನಾಂಕ ಬರೆದ ಚಿತ್ರಗಳನ್ನೂ ಜೊತೆಗೆ ಒಯ್ಯಿರಿ. ರಾತ್ರಿ ನಿಮಗೇ ದಿಕ್ಕು ತೋಚದಾದಾಗ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿ ಮಾತನಾಡುತ್ತಾರೆ, ಹಣ ಕೇಳುವುದಿಲ್ಲ. ಇನ್ನೊಂದು ಮಾತನ್ನೂ ಹೇಳಲೇಬೇಕು: ಯಾರಾದರೊಬ್ಬರ ಹತ್ತಿರ ಅಥವಾ ಒಂದು ಜಾಗಕ್ಕೆ ಹೋಗಲು ಅವನು ಇದ್ದಕ್ಕಿದ್ದಂತೆ ಹೆದರಿದರೆ, ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದರೆ, ಚಿತ್ರ ಏನೇ ಇರಲಿ, ತಡಮಾಡದೆ ವೈದ್ಯರಿಗೆ ತಿಳಿಸಿ. ಉತ್ತರವನ್ನು ನೀವೇ ಅವನ ಬಾಯಿಗಿಟ್ಟು ಕೇಳಬೇಡಿ.

ಅತ್ತೆಯವರೊಂದಿಗೆ ವಾದ ಬೇಡ. ಅವರೂ ಮೊಮ್ಮಗನಿಗಾಗಿ ಹೆದರಿದವರೇ. ಒಂದು ಸಂಜೆ ಮಳೆ ಬರುವಾಗ ಅವರನ್ನೂ ಅವನ ಪಕ್ಕದಲ್ಲಿ ಕೂರಿಸಿ, ಹಳೆಯ ಹಂಚಿನ ಮನೆಯಲ್ಲಿ ಮಳೆ ಹೇಗೆ ಕೇಳಿಸುತ್ತಿತ್ತು ಎಂದು ಅವರನ್ನೇ ಕೇಳಿ.

ಮಳೆ ಮುಗಿಯುತ್ತ ಬಂದಿದೆ. ಅದರ ಹಿಂದೆಯೇ ದೀಪಾವಳಿ ಬರುತ್ತದೆ, ಪಟಾಕಿಯ ಸದ್ದಿನೊಂದಿಗೆ. ಆ ದಿನಗಳಲ್ಲಿ ಏನು ಕೇಳಿಸುತ್ತದೆ, ಆಗ ಅವನು ಯಾವ ಕೋಣೆಯಲ್ಲಿ ಯಾರ ಜೊತೆ ಇರುತ್ತಾನೆ, ಸದ್ದು ಯಾವಾಗ ನಿಲ್ಲುತ್ತದೆ ಎಂಬುದನ್ನು ನಾಲ್ಕು ಚಿತ್ರಗಳಲ್ಲಿ ಬಿಡಿಸಿ, ಹಬ್ಬಕ್ಕೆ ಎರಡು ವಾರ ಮೊದಲೇ ದಿನಕ್ಕೊಮ್ಮೆ ಅವನಿಗೆ ತೋರಿಸಲು ಆರಂಭಿಸಿ. ಕೊನೆಯ ಚಿತ್ರದಲ್ಲಿ ನಿಮ್ಮನ್ನು ಬಿಡಿಸುವಾಗ ಕೈಗಳನ್ನು ಖಾಲಿ ಬಿಟ್ಟು ಕ್ರೇಯಾನನ್ನು ಅವನ ಕಡೆ ಸರಿಸಿ, ಸುಮ್ಮನೆ ಕಾಯಿರಿ. ಅವನು ಬಿಡಿಸದಿದ್ದರೂ ಬೇಸರ ಬೇಡ. ನಿಮ್ಮ ನಿಜವಾದ ಕೈಗಳು ಅವನ ಪಕ್ಕದಲ್ಲೇ ಇರುತ್ತವೆ.